ಕಟ್ಟಡದ ಇಂಗಾಲದ ಲೆಕ್ಕ ಬರೆಯಬೇಕಾದವರು ಯಾರು?

ಈ ಸಲ ಬಂದಿರುವ ಪತ್ರಗಳಲ್ಲಿ ಐದು ಪತ್ರಗಳು ಒಂದೇ ವಿಷಯವನ್ನು ಬೇರೆ ಬೇರೆ ಕಡೆಯಿಂದ ಕೇಳಿವೆ. ನಿರ್ಮಾಣ ಕಾಮಗಾರಿಗಳಲ್ಲಿ ಇಂಗಾಲದ ಡೈಆಕ್ಸೈಡ್ ಎಷ್ಟು ಹೊರಬೀಳುತ್ತದೆ ಎಂಬುದನ್ನು ಅಳೆಯುವ ಹೊಣೆ ಯಾರದು, ಅದನ್ನು ಹಂಚಿಕೊಳ್ಳುವುದು ಹೇಗೆ ಎಂಬುದೇ ಆ ವಿಷಯ. ಆದ್ದರಿಂದ ಅಂಕಣವನ್ನು ಪೂರ್ತಿಯಾಗಿ ಇದಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನಾನು ಹುಬ್ಬಳ್ಳಿಯ ಸಿವಿಲ್ ಗುತ್ತಿಗೆದಾರ. ಬೆಂಗಳೂರಿನ ಒಂದು ವಸತಿ ಸಮುಚ್ಚಯದ ಟೆಂಡರ್‌ನಲ್ಲಿ ‘ಯೋಜನೆಯ ಒಟ್ಟು ಇಂಗಾಲದ ಹೊರಸೂಸುವಿಕೆಯನ್ನು ಗುತ್ತಿಗೆದಾರರು ಅಳೆದು ವರದಿ ಸಲ್ಲಿಸತಕ್ಕದ್ದು’ ಎಂಬ ಒಂದು ಸಾಲಿನ ಷರತ್ತಿದೆ. ಇದಕ್ಕೆ ಬಿಒಕ್ಯೂನಲ್ಲಿ (ಕೆಲಸಗಳ ಪರಿಮಾಣ ಮತ್ತು ದರಗಳ ಪಟ್ಟಿ) ಪ್ರತ್ಯೇಕ ದರವಿಲ್ಲ. ವಿನ್ಯಾಸ ಮಾಡಿದವರು ಬೇರೆ. ಸಿಮೆಂಟು ಮತ್ತು ಕಂಬಿಯನ್ನು ಕೊಂಡು ಒದಗಿಸುವವರು ಮಾಲೀಕರೇ. ಈ ಹೊಣೆಯನ್ನೆಲ್ಲ ನನ್ನೊಬ್ಬನ ಮೇಲೆ ಹಾಕುವುದು ನ್ಯಾಯವೇ?

ನ್ಯಾಯವಲ್ಲ. ಅದಕ್ಕಿಂತ ಹೆಚ್ಚಿನ ತೊಂದರೆಯೆಂದರೆ, ಆ ಷರತ್ತಿನ ಪ್ರಕಾರ ತಾವು ಶ್ರಮಪಟ್ಟು ವರದಿ ಕೊಟ್ಟರೂ ಅದರಲ್ಲಿರುವ ಅಂಕಿಯನ್ನು ನಂಬಲು ಆಧಾರವಿರುವುದಿಲ್ಲ. ಏಕೆಂದರೆ ಕಟ್ಟಡವೊಂದರ ನಿರ್ಮಾಣದಲ್ಲಿ ಹೊರಬೀಳುವ ಇಂಗಾಲದ ಬಹುಪಾಲು ತಮ್ಮ ನಿವೇಶನದ ಗೇಟಿನೊಳಗೆ ಹುಟ್ಟುವುದೇ ಇಲ್ಲ.

ಸಿಮೆಂಟನ್ನೇ ತೆಗೆದುಕೊಳ್ಳಿ. ವಾಡಿಯಲ್ಲೋ ಸೇಡಂನಲ್ಲೋ ಗೂಡಿಗೆ ಹೋದ ಸುಣ್ಣಕಲ್ಲು ಕಾದು ಒಡೆದಾಗ, ಶುದ್ಧವಾದ 100 ಕಿಲೋ ಸುಣ್ಣಕಲ್ಲಿನಿಂದ 44 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಇದು ರಸಾಯನಶಾಸ್ತ್ರದ ಲೆಕ್ಕ. ಗೂಡಿಗೆ ಯಾವ ಇಂಧನ ಹಾಕಿದರೂ ಬದಲಾಗುವುದಿಲ್ಲ, ಮತ್ತು ಇಂಧನದ ಹೊಗೆ ಇದರ ಮೇಲೆ ಬೇರೆ ಸೇರುತ್ತದೆ. ಕಂಬಿಯ ಕಥೆಯೂ ಇಂಥದ್ದೇ. ಭಾರತದಲ್ಲಿ ಒಂದು ಟನ್ ಉಕ್ಕಿಗೆ ಸರಾಸರಿ ಸುಮಾರು 2.5 ಟನ್ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. 2024ರ ಡಿಸೆಂಬರ್‌ನಲ್ಲಿ ಕೇಂದ್ರ ಉಕ್ಕು ಸಚಿವಾಲಯ ಪ್ರಕಟಿಸಿದ ವರ್ಗೀಕರಣದಂತೆ ಆ ಪ್ರಮಾಣ 2.2 ಟನ್ನಿಗಿಂತ ಕಡಿಮೆಯಿದ್ದರೆ ಮಾತ್ರ ‘ಹಸಿರು ಉಕ್ಕು’ ಎಂಬ ಹೆಸರು ಸಿಗುತ್ತದೆ. ಲಾರಿ ತಮ್ಮ ನಿವೇಶನಕ್ಕೆ ಬಂದು ನಿಲ್ಲುವ ಹೊತ್ತಿಗೆ ಈ ಹೊಗೆಯೆಲ್ಲ ಗಾಳಿ ಸೇರಿ ಆಗಿರುತ್ತದೆ. ಹೀಗೆ ಸಾಮಗ್ರಿಯ ತಯಾರಿಕೆ, ಸಾಗಣೆ ಮತ್ತು ಬಳಕೆಯೊಂದಿಗೆ ಕಟ್ಟಡದಲ್ಲಿ ಅಡಗಿ ಬರುವುದನ್ನು ಅಂತರ್ಗತ ಇಂಗಾಲ ಎನ್ನುತ್ತಾರೆ.

ಯಾರ ನಿರ್ಧಾರದ ತೂಕ ಎಷ್ಟು ಎಂಬುದನ್ನು ಒಂದು ಸಣ್ಣ ಲೆಕ್ಕದಿಂದ ನೋಡೋಣ. 1,000 ಘನ ಮೀಟರ್ ಕಾಂಕ್ರೀಟಿಗೆ ಘನ ಮೀಟರಿಗೆ 350 ಕಿಲೋದಂತೆ 350 ಟನ್ ಸಿಮೆಂಟು ಬೇಕೆಂದುಕೊಳ್ಳಿ. ಒಪಿಸಿ, ಅಂದರೆ ಬೂದಿ ಬೆರೆಸದ ಸಾಮಾನ್ಯ ಸಿಮೆಂಟಿನ ಕಿಲೋ ಒಂದಕ್ಕೆ 0.85 ಕಿಲೋ ಎಂದು ಹಿಡಿದರೆ ಸುಮಾರು 297 ಟನ್ ಇಂಗಾಲದ ಡೈಆಕ್ಸೈಡ್ ಆಯಿತು. ಅದೇ ಮಿಶ್ರಣದಲ್ಲಿ ಸಿಮೆಂಟಿನ ಶೇ. 30ರಷ್ಟನ್ನು ಹಾರುಬೂದಿಯಿಂದ (ಕಲ್ಲಿದ್ದಲು ವಿದ್ಯುತ್ ಸ್ಥಾವರಗಳ ಬೂದಿ) ಬದಲಿಸಿ, ಬೂದಿಯ ಪಾಲನ್ನು ಸೊನ್ನೆಯೆಂದೇ ಎಣಿಸಿದರೆ 208 ಟನ್ನಿಗೆ ಇಳಿಯುತ್ತದೆ. ಉಳಿತಾಯವಾದದ್ದು ಸುಮಾರು 89 ಟನ್. ಇನ್ನು ತಮ್ಮ ಜನರೇಟರ್ ದಿನಕ್ಕೆ 40 ಲೀಟರ್ ಡೀಸೆಲ್ ಕುಡಿಯುತ್ತದೆ ಎನ್ನಿ. ಲೀಟರಿಗೆ ಸುಮಾರು 2.68 ಕಿಲೋದಂತೆ 300 ದಿನಕ್ಕೆ 32 ಟನ್ ಆಗುತ್ತದೆ. ಅಂದರೆ ಸ್ಟ್ರಕ್ಚರಲ್ ಇಂಜಿನಿಯರ್ ಮಿಶ್ರಣ ವಿನ್ಯಾಸದ ಹಾಳೆಯಲ್ಲಿ ಬರೆಯುವ ಒಂದು ಸಾಲು ತಾವು ವರ್ಷವಿಡೀ ಸುಡುವ ಡೀಸೆಲ್ಲಿನ ಎರಡೂವರೆ ಪಟ್ಟಿಗಿಂತ ಹೆಚ್ಚು ಇಂಗಾಲವನ್ನು ನಿರ್ಧರಿಸುತ್ತದೆ. ಕಂಬಗಳ ನಡುವಿನ ಅಂತರ, ನೆಲಮಾಳಿಗೆ ಒಂದೋ ಎರಡೋ ಎಂಬ ತೀರ್ಮಾನ, ಇವು ಇನ್ನೂ ದೊಡ್ಡವು. ಅವು ಟೆಂಡರ್ ಕರೆಯುವ ಮೊದಲೇ ಮುಗಿದಿರುತ್ತವೆ.

ಹಾಗೆಂದು ತಮ್ಮ ಪಾಲು ಏನೂ ಇಲ್ಲ ಎಂದು ನಾನು ಹೇಳುತ್ತಿಲ್ಲ. ಇಂಗಾಲದ ಲೆಕ್ಕವೆಂದರೆ ಒಂದು ಗುಣಾಕಾರ. ಒಂದು ಕಡೆ ಪರಿಮಾಣ ಇರುತ್ತದೆ: ಎಷ್ಟು ಟನ್, ಎಷ್ಟು ಲೀಟರ್, ಎಷ್ಟು ಯೂನಿಟ್, ಎಷ್ಟು ಕಿಲೋಮೀಟರ್. ಇನ್ನೊಂದು ಕಡೆ ಗುಣಾಂಕ ಇರುತ್ತದೆ: ಒಂದು ಟನ್ನಿಗೋ ಲೀಟರಿಗೋ ಎಷ್ಟು ಕಿಲೋ ಇಂಗಾಲದ ಡೈಆಕ್ಸೈಡ್ ಎಂಬುದು. ಹೊಣೆಯನ್ನು ಹಂಚಬೇಕಾದ ಗೆರೆ ಸಹಜವಾಗಿಯೇ ಇಲ್ಲಿ ಬೀಳುತ್ತದೆ. ನಿವೇಶನಕ್ಕೆ ಬಂದದ್ದು, ಬಳಕೆಯಾದದ್ದು, ವ್ಯರ್ಥವಾದದ್ದು ತಮಗಲ್ಲದೆ ಬೇರೆ ಯಾರಿಗೂ ಸರಿಯಾಗಿ ಗೊತ್ತಿರುವುದಿಲ್ಲ. ಆದ್ದರಿಂದ ಆ ಪರಿಮಾಣ ತಮ್ಮದು. ಸಾಮಗ್ರಿಯ ಗುಣಾಂಕ ತಯಾರಕರದು. ಅವರು ಅದನ್ನು ಪರಿಶೀಲನೆಗೊಳಗಾದ ಪರಿಸರ ಉತ್ಪನ್ನ ಘೋಷಣೆಯ (ಉತ್ಪನ್ನವೊಂದರ ಪರಿಸರ ಪರಿಣಾಮದ ಅಂಕಿಗಳ ದಾಖಲೆ) ರೂಪದಲ್ಲಿ ಕೊಡಬೇಕು. ಅದು ಸಿಗದಿದ್ದಾಗ ಯಾವ ಸರಾಸರಿ ಬಳಸಬೇಕು ಎಂಬುದನ್ನು ಮಾಲೀಕರು ನೇಮಿಸಿದ ಒಬ್ಬರು ತೀರ್ಮಾನಿಸಬೇಕು. ಭಾರತದ ಕಟ್ಟಡ ಸಾಮಗ್ರಿಗಳಿಗಾಗಿ ಅಂತರರಾಷ್ಟ್ರೀಯ ಹಣಕಾಸು ನಿಗಮ 2017ರಲ್ಲಿ ಹೊರತಂದ ದತ್ತಕೋಶವನ್ನು ಇಂಥ ಸಂದರ್ಭದಲ್ಲಿ ನೋಡಬಹುದು. ವಿನ್ಯಾಸದ ಹಂತದ ಅಂದಾಜು ವಾಸ್ತುಶಿಲ್ಪಿ ಮತ್ತು ಸ್ಟ್ರಕ್ಚರಲ್ ಇಂಜಿನಿಯರ್‌ರದು. ಇವೆಲ್ಲವನ್ನೂ ಒಟ್ಟುಗೂಡಿಸಿ ಸಹಿ ಹಾಕಬೇಕಾದವರು ಮಾತ್ರ ಮಾಲೀಕರು.

ಈ ಕೊನೆಯ ಮಾತಿಗೆ ಹೊರಗಿನ ಆಧಾರವೂ ಇದೆ. ಸ್ವೀಡನ್ ದೇಶವು 2022ರ ಜನವರಿಯಿಂದ ಹೊಸ ಕಟ್ಟಡಗಳಿಗೆ ಹವಾಮಾನ ಘೋಷಣೆಯನ್ನು ಕಡ್ಡಾಯ ಮಾಡಿತು; ಸಾಮಗ್ರಿ ತಯಾರಿಕೆಯಿಂದ ಹಿಡಿದು ಕಟ್ಟುವ ಕೆಲಸ ಮುಗಿಯುವವರೆಗಿನ ಲೆಕ್ಕವನ್ನು ಸಲ್ಲಿಸುವ ಹೊಣೆಯನ್ನು ಅಲ್ಲಿನ ಕಾನೂನು ಕಟ್ಟಿಸುವವರ ಮೇಲೆ ಹೊರಿಸಿದೆ. ಬ್ರಿಟನ್ನಿನ ಪಿಎಎಸ್ 2080 ಎಂಬ ಮಾರ್ಗಸೂಚಿ 2016ರಲ್ಲಿ ಮೂಲಸೌಕರ್ಯ ಕಾಮಗಾರಿಗಳಿಗೆಂದು ಬಂದು, 2023ರ ಪರಿಷ್ಕರಣೆಯಲ್ಲಿ ಕಟ್ಟಡಗಳನ್ನೂ ಒಳಗೊಂಡಿತು. ಮಾಲೀಕರು, ವಿನ್ಯಾಸಕಾರರು, ಕಟ್ಟುವವರು, ಸಾಮಗ್ರಿ ಒದಗಿಸುವವರು ಹೀಗೆ ನಾಲ್ವರಿಗೂ ಅದು ಬೇರೆ ಬೇರೆ ಕರ್ತವ್ಯಗಳನ್ನು ಹೇಳುತ್ತದೆ. ಎಲ್ಲ ಭಾರವನ್ನೂ ಕೊನೆಯಲ್ಲಿ ಬರುವ ಗುತ್ತಿಗೆದಾರರ ತಲೆಗೆ ಕಟ್ಟುವುದು ಈ ಎರಡು ಪದ್ಧತಿಗಳಲ್ಲಿಯೂ ಇಲ್ಲ.

ತಾವು ಈಗ ಮಾಡಬೇಕಾದದ್ದು ಇಷ್ಟು. ಪ್ರೀ-ಬಿಡ್ ಸಭೆಗೆ ಲಿಖಿತವಾಗಿ ಮೂರು ಪ್ರಶ್ನೆ ಹಾಕಿ: ಲೆಕ್ಕದ ಗಡಿ ಎಲ್ಲಿಂದ ಎಲ್ಲಿಯವರೆಗೆ, ಗುಣಾಂಕಗಳನ್ನು ಯಾರು ಕೊಡುತ್ತಾರೆ, ಮಾಲೀಕರೇ ಒದಗಿಸುವ ಸಿಮೆಂಟು ಮತ್ತು ಕಂಬಿಯ ದಾಖಲೆ ಯಾರ ಬಳಿ ಇರುತ್ತದೆ. ಜೊತೆಗೆ ದಾಖಲೆ ಇಡುವ ಕೆಲಸಕ್ಕೆ ಬಿಒಕ್ಯೂನಲ್ಲಿ ಒಂದು ಪ್ರತ್ಯೇಕ ಐಟಂ ಕೇಳಿ. ಇದಕ್ಕೆ ಒಬ್ಬರ ಸಮಯ ಬೇಕಾಗುತ್ತದೆ, ಸಮಯಕ್ಕೆ ಸಂಬಳ ಬೇಕಾಗುತ್ತದೆ. ದರವಿಲ್ಲದ ಕೆಲಸ ನಿವೇಶನದಲ್ಲಿ ಹೇಗೆ ನಡೆಯುತ್ತದೆ ಎಂಬುದನ್ನು ತಮಗೆ ನಾನು ಹೇಳಬೇಕಾಗಿಲ್ಲ.

ಪ್ರಶ್ನೆ: ಬೆಂಗಳೂರಿನ ಒಂದು ನಿರ್ಮಾಣ ಸಂಸ್ಥೆಯ ಲೆಕ್ಕಪತ್ರ ವಿಭಾಗದಲ್ಲಿದ್ದೇನೆ. ಒಂದೇ ಚೀಲ ಸಿಮೆಂಟಿನ ಇಂಗಾಲವನ್ನು ಕಾರ್ಖಾನೆಯವರೂ ತೋರಿಸುತ್ತಾರೆ, ಗುತ್ತಿಗೆದಾರರೂ ತೋರಿಸುತ್ತಾರೆ, ನಾವೂ ತೋರಿಸಬೇಕಾಗುತ್ತದೆ. ಮೂರು ಬಾರಿ ಎಣಿಸಿದಂತಾಗಲಿಲ್ಲವೇ?

ಇಲ್ಲಿ ಸಂಸ್ಥೆಯ ಲೆಕ್ಕ ಮತ್ತು ಯೋಜನೆಯ ಲೆಕ್ಕ ಎಂಬ ಎರಡು ಪುಸ್ತಕಗಳಿವೆ. ಇವನ್ನು ಬೆರೆಸಿದಾಗ ಮಾತ್ರ ಗೊಂದಲ ಹುಟ್ಟುತ್ತದೆ.

ಸಂಸ್ಥೆಯ ಲೆಕ್ಕಕ್ಕೆ ಜಗತ್ತಿನಾದ್ಯಂತ ಬಳಕೆಯಲ್ಲಿರುವುದು ಹಸಿರುಮನೆ ಅನಿಲಗಳ ಲೆಕ್ಕಪದ್ಧತಿಯಾದ ಜಿಎಚ್‌ಜಿ ಪ್ರೋಟೋಕಾಲ್. ಅದರಲ್ಲಿ ತನ್ನ ಹತೋಟಿಯಲ್ಲಿರುವ ಯಂತ್ರ, ಗೂಡು, ವಾಹನಗಳಿಂದ ನೇರವಾಗಿ ಹೊರಬೀಳುವುದು ಸ್ಕೋಪ್ 1. ಕೊಂಡ ವಿದ್ಯುತ್ತಿನದು ಸ್ಕೋಪ್ 2. ತನ್ನ ಸರಬರಾಜು ಸರಪಳಿಯಲ್ಲಿ ಹಿಂದೆ ಮುಂದೆ ಬರುವ ಉಳಿದದ್ದೆಲ್ಲ ಸ್ಕೋಪ್ 3. ಸಿಮೆಂಟ್ ಕಾರ್ಖಾನೆಯ ಗೂಡಿನ ಹೊಗೆ ಅವರಿಗೆ ಸ್ಕೋಪ್ 1. ಅದೇ ಹೊಗೆ ಗುತ್ತಿಗೆದಾರರಿಗೂ ನಿಮಗೂ ಸ್ಕೋಪ್ 3. ಒಂದೇ ಕಿಲೋ ಹಲವರ ಸ್ಕೋಪ್ 3ರಲ್ಲಿ ಕಾಣಿಸಿಕೊಳ್ಳುವುದು ಆ ಪದ್ಧತಿಯಲ್ಲಿ ತಪ್ಪಲ್ಲ; ಅದನ್ನು ಇಳಿಸಲು ಕೈಲಾದ ಪ್ರತಿಯೊಬ್ಬರ ಪುಸ್ತಕದಲ್ಲೂ ಅದು ಕಾಣಲಿ ಎಂಬುದೇ ಅದರ ಆಶಯ. ಬೇರೆ ಬೇರೆ ಸಂಸ್ಥೆಗಳ ಮೊತ್ತಗಳನ್ನು ಒಟ್ಟಿಗೆ ಕೂಡಿಸುವುದು ಮಾತ್ರ ತಪ್ಪು.

ಯೋಜನೆಯ ಲೆಕ್ಕದಲ್ಲಿ ಹಾಗಿಲ್ಲ. ಅಲ್ಲಿ ಎಣಿಸುವುದು ಕಟ್ಟಡವನ್ನು. ಆದ್ದರಿಂದ ಪ್ರತಿ ಕಿಲೋವೂ ಒಂದೇ ಬಾರಿ ಬರಬೇಕು. ರೆಡಿ ಮಿಕ್ಸ್ ಘಟಕ ಕೊಟ್ಟ ಕಾಂಕ್ರೀಟಿನ ಘೋಷಣೆಯೊಳಗೆ ಸಿಮೆಂಟಿನ ಪಾಲು ಸೇರಿರುವಾಗ, ಖರೀದಿ ವಿಭಾಗ ಅದೇ ಸಿಮೆಂಟನ್ನು ಇನ್ನೊಂದು ಸಾಲಿನಲ್ಲಿ ಬರೆದರೆ ಅದು ನಿಜವಾದ ಎರಡೆಣಿಕೆ. ನಿವೇಶನದ ತಾತ್ಕಾಲಿಕ ವಿದ್ಯುತ್ ಮೀಟರ್ ನಿಮ್ಮ ಹೆಸರಿನಲ್ಲಿದ್ದು ಬಳಸುವವರು ಗುತ್ತಿಗೆದಾರರಾಗಿದ್ದರೂ ಇದೇ ಸಮಸ್ಯೆ. ಇಬ್ಬರೂ ಸ್ಕೋಪ್ 2 ಎಂದು ತೋರಿಸಬಹುದು, ಅಥವಾ ‘ಅದು ಅವರದು’ ಎಂದು ಇಬ್ಬರೂ ಬಿಟ್ಟುಬಿಡಬಹುದು. ಎರಡನೆಯದು ಹೆಚ್ಚು ಅಪಾಯಕರ, ಏಕೆಂದರೆ ಬಿಟ್ಟುಹೋದದ್ದು ಯಾರ ಕಣ್ಣಿಗೂ ಬೀಳುವುದಿಲ್ಲ. ಗುತ್ತಿಗೆಗೆ ಸಹಿ ಬೀಳುವ ದಿನವೇ ಮೀಟರ್‌ಗಳ ಮತ್ತು ಡೀಸೆಲ್ ಖರೀದಿಯ ಪಟ್ಟಿ ಮಾಡಿ, ಒಂದೊಂದರ ಎದುರು ಒಬ್ಬರ ಹೆಸರನ್ನು ಬರೆದಿಟ್ಟುಕೊಳ್ಳಿ.

ಷೇರುಪೇಟೆಯಲ್ಲಿರುವ ಮೊದಲ 1,000 ಕಂಪನಿಗಳಿಗೆ ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ 2022-23ರಿಂದ ಬಿಆರ್‌ಎಸ್‌ಆರ್ ಎಂಬ ಹೊಣೆಗಾರಿಕೆ ಮತ್ತು ಸುಸ್ಥಿರತೆಯ ವರದಿಯನ್ನು ಕಡ್ಡಾಯಗೊಳಿಸಿರುವುದರಿಂದ ದೊಡ್ಡ ಬಿಲ್ಡರ್‌ಗಳು ಈಗ ಗುತ್ತಿಗೆದಾರರಿಂದ ಅಂಕಿಗಳನ್ನು ಕೇಳತೊಡಗಿದ್ದಾರೆ. ಅವರಿಗೆ ಬೇಕಾದದ್ದು ಸಂಸ್ಥೆಯ ವಾರ್ಷಿಕ ಲೆಕ್ಕ. ಹಸಿರು ಕಟ್ಟಡದ ಪ್ರಮಾಣಪತ್ರ ಕೇಳುವುದು ಯೋಜನೆಯ ಲೆಕ್ಕ. ಕೇಳಿದವರಿಗೆ ಯಾವುದು ಬೇಕೆಂದು ಮೊದಲು ವಿಚಾರಿಸಿ.

ಪ್ರಶ್ನೆ: ಮೈಸೂರಿನ ಒಂದು ನಿವೇಶನದಲ್ಲಿ ಸೈಟ್ ಇಂಜಿನಿಯರ್ ಆಗಿದ್ದೇನೆ. ಕೆಲಸಕ್ಕೆ ಸೇರಿ ಎರಡು ವರ್ಷವಾಗಿದೆ. ಇಂಗಾಲದ ದಾಖಲೆ ಇಡುವ ಕೆಲಸವನ್ನು ನನಗೆ ವಹಿಸಿದ್ದಾರೆ. ಎಲ್ಲಿಂದ ಆರಂಭಿಸಬೇಕೆಂದು ತಿಳಿಯುತ್ತಿಲ್ಲ.

ಹೊಸ ಕಾಗದ ಸೃಷ್ಟಿಸುವುದರಿಂದ ಆರಂಭಿಸಬೇಡಿ. ನಿಮಗೆ ಬೇಕಾದ ಮಾಹಿತಿಯ ಬಹುಭಾಗ ಈಗಾಗಲೇ ಗೇಟಿನಲ್ಲಿ, ಸ್ಟೋರಿನಲ್ಲಿ ಕೈಯಿಂದ ಕೈಗೆ ಹೋಗುತ್ತಿರುತ್ತದೆ. ಆದರೆ ಬಿಲ್ ಪಾಸಾದ ಮೇಲೆ ಅದನ್ನು ಕೇಳುವವರಿರುವುದಿಲ್ಲ.

ರೆಡಿ ಮಿಕ್ಸ್ ಗಾಡಿ ಬಂದಾಗ ಚಲನ್‌ನಲ್ಲಿ ಹಲವು ಬಾರಿ ಗ್ರೇಡು ಮತ್ತು ಘನ ಮೀಟರ್ ಮಾತ್ರ ಇರುತ್ತದೆ. ಇಂಗಾಲದ ಲೆಕ್ಕಕ್ಕೆ ಅಷ್ಟು ಸಾಲದು, ಏಕೆಂದರೆ ಎಂ-30 ಎಂಬ ಒಂದೇ ಹೆಸರಿನ ಎರಡು ಕಾಂಕ್ರೀಟುಗಳಲ್ಲಿ ಸಿಮೆಂಟಿನ ಪ್ರಮಾಣ ಬಹಳ ಬೇರೆಯಾಗಿರಬಹುದು. ಘಟಕದ ಕಂಪ್ಯೂಟರ್ ಪ್ರತಿ ಬ್ಯಾಚಿಗೂ ಸಿಮೆಂಟು, ಹಾರುಬೂದಿ, ಕುಲುಮೆಯ ಕಿಟ್ಟದ ಪುಡಿ, ಜಲ್ಲಿ, ಎಂ-ಸ್ಯಾಂಡ್, ನೀರು ಎಷ್ಟೆಷ್ಟು ಬಿತ್ತೆಂದು ದಾಖಲಿಸುತ್ತದೆ. ಆ ಬ್ಯಾಚ್ ಶೀಟನ್ನು ಪ್ರತಿ ಗಾಡಿಯ ಚಲನ್‌ನೊಂದಿಗೆ ಕೇಳಿ ಪಡೆಯಿರಿ. ನಿವೇಶನದಲ್ಲೇ ಕಲಸುವುದಾದರೆ ಚೀಲವನ್ನು ನೋಡಿ: ಪಿಪಿಸಿ (ಹಾರುಬೂದಿ ಬೆರೆಸಿದ ಸಿಮೆಂಟು) ಚೀಲದ ಮೇಲೆ ಹಾರುಬೂದಿಯ ಶೇಕಡಾ ಪ್ರಮಾಣ ಮುದ್ರಿತವಾಗಿರುತ್ತದೆ, ಮಾನಕದ ಪ್ರಕಾರ ಅದು 15ರಿಂದ 35ರವರೆಗೆ ಇರಬಹುದು.

ಕಂಬಿಗೆ ತೂಕದ ಚೀಟಿಯ ಜೊತೆಗೆ ಕಾರ್ಖಾನೆಯ ಪರೀಕ್ಷಾ ಪ್ರಮಾಣಪತ್ರವನ್ನು ಇಟ್ಟುಕೊಳ್ಳಿ. ಅದರಲ್ಲಿರುವ ಹೀಟ್ ಸಂಖ್ಯೆಯಿಂದ (ಒಂದು ಸಲ ಕರಗಿಸಿದ ಉಕ್ಕಿನ ಗುರುತು) ಆ ಉಕ್ಕು ಎಲ್ಲಿ ಕರಗಿತು ಎಂಬುದನ್ನು ಹಿಂದಕ್ಕೆ ಹುಡುಕಬಹುದು. ಊದುಕುಲುಮೆಯಲ್ಲಿ ಅದಿರಿನಿಂದ ಬಂದ ಉಕ್ಕಿಗೂ ಗುಜರಿಯನ್ನು ವಿದ್ಯುತ್ ಕುಲುಮೆಯಲ್ಲಿ ಕರಗಿಸಿ ಮಾಡಿದ ಉಕ್ಕಿಗೂ ಇಂಗಾಲದಲ್ಲಿ ದೊಡ್ಡ ಅಂತರವಿದೆ. ಸಾಗಣೆಯ ದೂರವನ್ನು ಚಾಲಕರಲ್ಲಿ ಕೇಳಿ ಊಹಿಸಬೇಕಾಗಿಲ್ಲ. ಇ-ವೇ ಬಿಲ್‌ನಲ್ಲಿ ಹೊರಟ ಸ್ಥಳವೂ ಕಿಲೋಮೀಟರೂ ಇರುತ್ತವೆ. ಜಲ್ಲಿ ಮತ್ತು ಎಂ-ಸ್ಯಾಂಡ್‌ಗೆ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಸಾಗಣೆ ಪರವಾನಗಿ ಬಂದಿರುತ್ತದೆ.

ಡೀಸೆಲ್ ವಿಷಯದಲ್ಲಿ ಮಾತ್ರ ತುಸು ಹಟ ಹಿಡಿಯಬೇಕಾಗುತ್ತದೆ. ಜನರೇಟರ್, ಜೆಸಿಬಿ, ಕಾಂಕ್ರೀಟ್ ಪಂಪ್, ವೈಬ್ರೇಟರ್ ಇವೆಲ್ಲಕ್ಕೂ ಒಂದೇ ಬ್ಯಾರಲ್ಲಿನಿಂದ ತೆಗೆದುಕೊಟ್ಟು, ಕೊನೆಗೆ ‘ಡೀಸೆಲ್ 200 ಲೀಟರ್’ ಎಂದು ಬರೆಯುವ ಅಭ್ಯಾಸ ಹಲವು ಕಡೆ ಇದೆ. ಯಂತ್ರವಾರು ವಿತರಣೆ, ಜನರೇಟರಿನ ಗಂಟೆ ಮೀಟರ್, ದಿನದ ಆರಂಭ ಮತ್ತು ಕೊನೆಯ ದಾಸ್ತಾನು ಈ ಮೂರನ್ನು ಬರೆಸಿ. ಉಪಗುತ್ತಿಗೆದಾರರು ತಾವೇ ಡೀಸೆಲ್ ತಂದು ಹಾಕುವುದಾದರೆ ಅವರ ಬಿಲ್ಲಿನ ಜೊತೆ ಲೀಟರಿನ ವಿವರ ಬರಲೇಬೇಕೆಂದು ಕೆಲಸದ ಆದೇಶದಲ್ಲೇ ಸೇರಿಸಿ. ವಿದ್ಯುತ್ತಿಗೆ ತಾತ್ಕಾಲಿಕ ಸಂಪರ್ಕದ ಮೀಟರ್ ಓದಿದರೆ ಸಾಕು. ಕೇಂದ್ರ ವಿದ್ಯುತ್ ಪ್ರಾಧಿಕಾರ ಪ್ರತಿವರ್ಷ ಪ್ರಕಟಿಸುವ ರಾಷ್ಟ್ರೀಯ ಗುಣಾಂಕ ಯೂನಿಟ್‌ಗೆ ಸುಮಾರು 0.7 ಕಿಲೋ ಇದೆ. ಕಾರ್ಮಿಕರ ಶೆಡ್ಡುಗಳ ಮೀಟರನ್ನು ಮರೆಯಬೇಡಿ.

ನನ್ನ ಅನುಭವವೊಂದನ್ನು ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಒಂದು ಕಚೇರಿ ಕಟ್ಟಡದ ಇಂಗಾಲದ ಲೆಕ್ಕಕ್ಕಾಗಿ ನನ್ನನ್ನು ಕರೆದದ್ದು ಕಾಮಗಾರಿ ಮುಗಿದ ಮೇಲೆ. ಬ್ಯಾಚ್ ಶೀಟುಗಳನ್ನು ಬಿಲ್ ಪಾಸಾದ ನಂತರ ಎಸೆದಿದ್ದರು. ಡೀಸೆಲ್ ಪುಸ್ತಕದಲ್ಲಿ ಮೂರು ತಿಂಗಳು ಖಾಲಿಯಿದ್ದವು. ತಪ್ಪು ಸ್ಟೋರ್ ಕೀಪರರದೆಂದು ಎಲ್ಲರೂ ಅವರತ್ತ ಬೆರಳು ತೋರಿಸಿದರು. ಆದರೆ ಆ ಕಾಗದ ಮುಂದೆ ಬೇಕಾಗುತ್ತದೆ ಎಂದು ಆ ಮನುಷ್ಯನಿಗೆ ಒಬ್ಬರೂ ಹೇಳಿರಲಿಲ್ಲ, ಪುಸ್ತಕದ ತಲೆಬರಹಗಳು ಅವರಿಗೆ ಓದಲು ಬಾರದ ಇಂಗ್ಲಿಷಿನಲ್ಲಿದ್ದವು. ಕೊನೆಗೆ ಸರಾಸರಿಗಳನ್ನು ತುಂಬಿ ವರದಿ ಮುಗಿಸಬೇಕಾಯಿತು. ಆ ವರದಿ ನನಗೆ ಇಂದಿಗೂ ಸಮಾಧಾನ ಕೊಟ್ಟಿಲ್ಲ. ಆದ್ದರಿಂದ ನಿಮ್ಮಲ್ಲಿ ಒಂದು ವಿನಂತಿ: ರಿಜಿಸ್ಟರಿನ ಕಾಲಂಗಳನ್ನು ಕನ್ನಡದಲ್ಲಿ, ಬರೆಯುವವರು ಹಿಂದಿಯವರಾದರೆ ಹಿಂದಿಯಲ್ಲಿ ಬರೆಸಿ, ಮತ್ತು ಈ ಅಂಕಿ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಮೇಸ್ತ್ರಿಗೂ ಸ್ಟೋರ್ ಕೀಪರರಿಗೂ ಅರ್ಧ ಗಂಟೆ ಕುಳಿತು ವಿವರಿಸಿ. ತಿಂಗಳ ಕೊನೆಯಲ್ಲಿ ಒಟ್ಟು ಮೊತ್ತವನ್ನು ಅವರಿಗೂ ತೋರಿಸಿ.

ಪ್ರಶ್ನೆ: ಶಿವಮೊಗ್ಗದಲ್ಲಿ 30×40 ನಿವೇಶನದಲ್ಲಿ ಸ್ವಂತ ಮನೆ ಕಟ್ಟಿಸುತ್ತಿದ್ದೇವೆ. ನಾವೂ ಇದನ್ನೆಲ್ಲ ಅಳೆಯಬೇಕೇ?

ಇಂಥ ಲೆಕ್ಕ ಸಲ್ಲಿಸಬೇಕೆಂಬ ಕಡ್ಡಾಯ ನಿಮಗಿಲ್ಲ, ಮತ್ತು ತಜ್ಞರಿಗೆ ಹಣ ಕೊಟ್ಟು ಮಾಡಿಸಬೇಕೆಂದು ನಾನೂ ಹೇಳುವುದಿಲ್ಲ. ಸಿಮೆಂಟು, ಕಂಬಿ, ಇಟ್ಟಿಗೆ ಈ ಮೂರರ ಬಿಲ್ಲುಗಳನ್ನು ಒಂದು ಕಡತದಲ್ಲಿ ಇಟ್ಟುಕೊಂಡರೆ ನಿಮ್ಮ ಮನೆಯ ಲೆಕ್ಕದ ಮುಖ್ಯ ಭಾಗ ಕೈಯಲ್ಲಿದ್ದಂತೆಯೇ. ಗೋಡೆಗೆ ಏನು ಬಳಸಬೇಕೆಂದು ಇನ್ನೂ ತೀರ್ಮಾನಿಸಿರದಿದ್ದರೆ, ಒತ್ತಿ ಮಾಡಿದ ಸ್ಥಿರೀಕೃತ ಮಣ್ಣಿನ ಇಟ್ಟಿಗೆಯನ್ನು ವಿಚಾರಿಸಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರದಲ್ಲಿ ಪ್ರೊ. ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು ಇದನ್ನು ಬೆಳೆಸಿದರು. ಇದಕ್ಕೆ ತುಸು ಸಿಮೆಂಟು ಬೇಕು, ಆದರೆ ಸುಡುವ ಭಟ್ಟಿ ಬೇಕಿಲ್ಲ. ಸುಟ್ಟ ಇಟ್ಟಿಗೆಗಿಂತ ಬಹಳ ಕಡಿಮೆ ಶಕ್ತಿ ಸಾಕು ಎಂಬುದನ್ನು ಅದೇ ಸಂಸ್ಥೆಯ ಅಧ್ಯಯನಗಳು ತೋರಿಸಿವೆ. ಮಣ್ಣಿನ ಪರೀಕ್ಷೆ ಮಾಡಿಸದೆ ಮಾತ್ರ ಮುಂದುವರಿಯಬೇಡಿ.

ಪ್ರಶ್ನೆ: ಕಲಬುರಗಿಯಿಂದ ಬರೆಯುತ್ತಿದ್ದೇನೆ, ಲೋಕೋಪಯೋಗಿ ಇಲಾಖೆಯ ನಿವೃತ್ತ ಇಂಜಿನಿಯರ್. ಹೊಣೆಯನ್ನು ಎಲ್ಲರಿಗೂ ಹಂಚಿದರೆ ಕೊನೆಗೆ ಯಾರೂ ಹೊಣೆಗಾರರಾಗುವುದಿಲ್ಲ ಎಂಬುದು ನನ್ನ ಅನುಭವ. ಅಂಕಿ ಬರೆದುಕೊಟ್ಟವರೇ ಅದನ್ನು ಸರಿಯೆನ್ನುವ ಈ ಪದ್ಧತಿಯನ್ನು ತಪಾಸಿಸುವವರು ಯಾರು?

ತಮ್ಮ ಆತಂಕ ಸರಿಯಾದದ್ದು, ಅದಕ್ಕೆ ಪರಿಹಾರವೂ ತಾವು ವರ್ಷಗಟ್ಟಲೆ ಕೈಯಲ್ಲಿ ಹಿಡಿದಿದ್ದ ಅಳತೆ ಪುಸ್ತಕದಲ್ಲೇ (ಎಂ.ಬಿ.) ಇದೆ. ಜೂನಿಯರ್ ಇಂಜಿನಿಯರ್ ಸ್ಥಳದಲ್ಲಿ ಅಳೆದು ಎಂ.ಬಿ.ಯಲ್ಲಿ ಬರೆಯುತ್ತಾರೆ, ಗುತ್ತಿಗೆದಾರರು ಒಪ್ಪಿ ಸಹಿ ಹಾಕುತ್ತಾರೆ, ಮೇಲಧಿಕಾರಿ ಅದರ ಒಂದು ಭಾಗವನ್ನು ತಾವೇ ಮರು ಅಳತೆ ಮಾಡುತ್ತಾರೆ. ಅಲ್ಲಿ ಕೆಲಸ ಹಂಚಿಕೆಯಾಗಿದೆ, ಆದರೆ ಪ್ರತಿಯೊಂದು ಸಹಿಯ ಅರ್ಥ ಬೇರೆ, ಮತ್ತು ಪುಟಗಳಿಗೆ ಸಂಖ್ಯೆಯಿದೆ. ಇಂಗಾಲದ ಪುಸ್ತಕಕ್ಕೆ ಇದಕ್ಕಿಂತ ಉತ್ತಮ ಮಾದರಿ ನನಗೆ ಕಂಡಿಲ್ಲ.

ಮರು ಅಳತೆಗೆ ಒಂದು ದಾರಿಯೂ ಸಿದ್ಧವಿದೆ. ನಕ್ಷೆಯಿಂದ ಬಂದ ಕಾಂಕ್ರೀಟಿನ ಪರಿಮಾಣವನ್ನು ಮಿಶ್ರಣ ವಿನ್ಯಾಸದ ಸಿಮೆಂಟಿನಿಂದ ಗುಣಿಸಿ, ನಿಜವಾಗಿ ಬಂದ ಸಿಮೆಂಟಿನೊಂದಿಗೆ ಹೋಲಿಸುವ ಬಳಕೆ ತಾಳೆಪಟ್ಟಿಯನ್ನು ನಮ್ಮ ಇಂಜಿನಿಯರುಗಳು ಕಳ್ಳತನ ತಡೆಯಲೆಂದು ಬಹುಕಾಲದಿಂದ ಮಾಡುತ್ತ ಬಂದಿದ್ದಾರೆ. ಅದೇ ತಾಳೆಪಟ್ಟಿ ಇಂಗಾಲದ ಪರಿಮಾಣವನ್ನೂ ಪರೀಕ್ಷಿಸುತ್ತದೆ. ನಕ್ಷೆ ಹೇಳಿದ್ದಕ್ಕಿಂತ ಬಿಲ್ಲಿನಲ್ಲಿ ಹೆಚ್ಚು ಬಂದಿದ್ದರೆ ವ್ಯರ್ಥವಾಗಿದೆ ಅಥವಾ ಕಳುವಾಗಿದೆ. ಕಡಿಮೆ ಬಂದಿದ್ದರೆ ಯಾವುದೋ ಚಲನ್ ಬಿಟ್ಟುಹೋಗಿದೆ ಅಥವಾ ಕಾಂಕ್ರೀಟಿನ ಗುಣಮಟ್ಟವನ್ನೇ ಪ್ರಶ್ನಿಸಬೇಕಾಗಿದೆ. ಗುಣಾಂಕದ ಪರಿಶೀಲನೆ ಬೇರೆ ಬಗೆಯದು. ಅದಕ್ಕೆ ಯೋಜನೆಯ ಲಾಭದಲ್ಲಿ ಪಾಲಿಲ್ಲದ ಹೊರಗಿನವರೊಬ್ಬರು ಬೇಕು, ಅವರ ಶುಲ್ಕ ಅಂಕಿಯ ಏರಿಳಿತವನ್ನು ಅವಲಂಬಿಸಿರಬಾರದು. ಕಡಿಮೆ ಅಂಕಿ ತೋರಿಸಿದ ಗುತ್ತಿಗೆದಾರರಿಗೆ ಬಹುಮಾನ ಕೊಡುವ ಷರತ್ತನ್ನು ಆರಂಭದ ಯೋಜನೆಗಳಲ್ಲೇ ಸೇರಿಸುವುದನ್ನು ನಾನು ಒಪ್ಪುವುದಿಲ್ಲ. ಪ್ರಾಮಾಣಿಕವಾಗಿ ಬರೆದವರು ಸೋತು, ಬಿಟ್ಟು ಬರೆದವರು ಗೆಲ್ಲುವ ಸ್ಥಿತಿ ಅದರಿಂದ ಬರುತ್ತದೆ.

ಇನ್ನೊಂದು ನಿಯಮವನ್ನೂ ಎಂ.ಬಿ.ಯಿಂದಲೇ ತೆಗೆದುಕೊಳ್ಳಬೇಕು. ಅಲ್ಲಿ ತಪ್ಪಾದ ಅಂಕಿಯನ್ನು ಅಳಿಸುವಂತಿಲ್ಲ. ಒಂದು ಗೆರೆ ಎಳೆದು, ಸರಿಯಾದದ್ದನ್ನು ಮೇಲೆ ಬರೆದು, ದಿನಾಂಕದೊಂದಿಗೆ ಕಿರುಸಹಿ ಹಾಕುತ್ತಾರೆ. ಇಂಗಾಲದ ಲೆಕ್ಕ ಇಂದು ಕಂಪ್ಯೂಟರಿನ ಹಾಳೆಯಲ್ಲಿ ನಡೆಯುವುದರಿಂದ, ಕಳೆದ ತಿಂಗಳು ಬಳಸಿದ ಗುಣಾಂಕವನ್ನು ಈ ತಿಂಗಳು ಯಾರೋ ಬದಲಿಸಿದರೆ ಹಳೆಯದು ಕುರುಹಿಲ್ಲದೆ ಮಾಯವಾಗುತ್ತದೆ. ಪ್ರತಿ ತಿಂಗಳ ಹಾಳೆಯನ್ನು ಮುದ್ರಿಸಿ, ಪರಿಮಾಣ ಕೊಟ್ಟವರು, ಗುಣಾಂಕ ಆರಿಸಿದವರು ಮತ್ತು ಮಾಲೀಕರ ಪ್ರತಿನಿಧಿ ಮೂವರೂ ಸಹಿ ಮಾಡಿ ಕಡತಕ್ಕೆ ಸೇರಿಸಲಿ. ಬದಲಾವಣೆ ಬೇಕಾದರೆ ಕಾರಣದೊಂದಿಗೆ ಮುಂದಿನ ತಿಂಗಳ ಹಾಳೆಯಲ್ಲಿ ಬರಲಿ.